ಕ್ಲಚ್ ಪೆಡಲ್ ಮೇಲೇಳದ ದೋಷ: ಶಿರಾ ಸೀಮೆಯ ಕಾರುಗಳಲ್ಲಿ

ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ ಒತ್ತಿದ ಕ್ಲಚ್ ಪೆಡಲ್ ಕಾಲು ತೆಗೆದ ಮೇಲೂ ಕೆಳಗೇ ನಿಲ್ಲುವುದು, ಅರ್ಧಕ್ಕೆ ಬಂದು ತಡೆದು ಆಮೇಲೆ ಏಳುವುದು, ಒತ್ತುವಾಗ ಎಲ್ಲೋ ಕಚ್ಚಿದಂತಾಗಿ ಮುಂದೆ ಸರಿಯುವುದು, ಇವೆಲ್ಲ ಒಂದೇ ಗುಂಪಿಗೆ ಸೇರುವ ದೋಷಗಳು. ಇವು ಬಿಟ್ಟು ಬಿಟ್ಟು ಕಾಣಿಸಿಕೊಳ್ಳುವುದರಿಂದಲೇ ಕಷ್ಟ. ಬೆಳಿಗ್ಗೆ ಮನೆಯಿಂದ ಹೊರಟಾಗ ಸರಿಯಿದ್ದ ಪೆಡಲ್ ಮಧ್ಯಾಹ್ನ ಟೋಲ್ ಗೇಟಿನ ಸಾಲಿನಲ್ಲಿ ಕೂತುಬಿಡುತ್ತದೆ. ಗ್ಯಾರೇಜಿಗೆ ತಂದು ಬಾನೆಟ್ ಎತ್ತುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಏಳುತ್ತದೆ. ಹೀಗಾಗಿ ಊಹೆಯ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಬದಲಿಸಿ ಸಾವಿರಾರು ರೂಪಾಯಿ ತೆತ್ತ ಮೇಲೂ ದೋಷ ಹಾಗೇ ಉಳಿಯುವುದುಂಟು. ದೋಷ ಯಾವ ಸ್ಥಿತಿಯಲ್ಲಿ ಕಾಣಿಸಿತು ಎಂಬುದನ್ನು ಮೊದಲು ಗುರುತು ಹಾಕಿಕೊಂಡು, ಆಮೇಲೆ ಪೆಡಲಿನಿಂದ ಗೇರ್‌ಬಾಕ್ಸಿನವರೆಗಿನ ಹಾದಿಯನ್ನು ನಡುವೆ ಎರಡು ಭಾಗ ಮಾಡಿ ನೋಡಿದರೆ, ಸ್ಪ್ಯಾನರ್ ಹಿಡಿಯುವ ಮೊದಲೇ ಬಹುಪಾಲು ಉತ್ತರ ಸಿಗುತ್ತದೆ.

ಸೀಮೆ ಮತ್ತು ರಸ್ತೆ

ಶಿರಾ ಪಟ್ಟಣ ಬೆಂಗಳೂರಿನಿಂದ ಸುಮಾರು 120 ಕಿ.ಮೀ., ತುಮಕೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. ಹಿಂದೆ 4ನೇ ನಂಬರಿನದಾಗಿದ್ದು ಈಗ 48 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದ ಚಿತ್ರದುರ್ಗ, ಹುಬ್ಬಳ್ಳಿ, ಪುಣೆಯ ಕಡೆಗೆ ಹೋಗುತ್ತದೆ. ಹುಳಿಯಾರಿನ ಕಡೆಯಿಂದ ಬಂದು ಮಧುಗಿರಿ, ಗೌರಿಬಿದನೂರಿನತ್ತ ಸಾಗುವ ರಸ್ತೆ ಅದನ್ನು ಇಲ್ಲೇ ದಾಟುತ್ತದೆ. 1687ರಿಂದ 1757ರವರೆಗೆ ಮೊಗಲರ ಸುಬಾದ ಕೇಂದ್ರವಾಗಿದ್ದ ಊರು ಇಂದಿಗೂ ದಾರಿಗಳು ಕೂಡುವ ಊರೇ. ಕಾರಿನ ಕ್ಲಚ್ಚಿಗೆ ಸಂಬಂಧಿಸಿದಂತೆ ಈ ಸೀಮೆಯಲ್ಲಿ ಮೂರು ಬಗೆಯ ಓಡಾಟವಿದೆ. ಹೆದ್ದಾರಿಯಲ್ಲಿ ತಾಸುಗಟ್ಟಲೆ ಐದನೇ ಗೇರಿನಲ್ಲಿ ಓಡಿ, ಕರ್ಜೀವನಹಳ್ಳಿ ಟೋಲಿನಲ್ಲೋ ಸರ್ವಿಸ್ ರಸ್ತೆಯಲ್ಲೋ ಕಾದ ಎಂಜಿನ್ನಿನೊಡನೆ ಒಮ್ಮೆಲೇ ನಿಂತು ನಿಂತು ಸಾಗುವುದು ಒಂದು. ಬುಕ್ಕಾಪಟ್ಟಣ, ಪಟ್ಟನಾಯಕನಹಳ್ಳಿ ಕಡೆಯ ಹೊಲದ ದಾರಿಗಳಲ್ಲಿ, ಪಾವಗಡದ ತಿರುಮಣಿ ಸುತ್ತಲಿನ ಸೌರ ಉದ್ಯಾನದ ಮಣ್ಣು ರಸ್ತೆಗಳಲ್ಲಿ ಕೆಂಪು ದೂಳು ಕುಡಿಯುತ್ತ ಓಡುವುದು ಇನ್ನೊಂದು. ದೇವರಾಯನದುರ್ಗದ ಏರಿನಲ್ಲಿ, ಗೊರವನಹಳ್ಳಿಯ ಜಾತ್ರೆಯ ಜನಸಂದಣಿಯಲ್ಲಿ, ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಯ ಬೀದಿಯಲ್ಲಿ ಹಾಫ್ ಕ್ಲಚ್ಚಿನಲ್ಲೇ ಅಡಿ ಅಡಿ ಸರಿಯುವುದು ಮೂರನೆಯದು. ಮೊದಲನೆಯದು ಕ್ಲಚ್ಚಿಗೂ ಹಾಕುವ ಬ್ರೇಕ್ ಆಯಿಲನ್ನು ಕಾಯಿಸುತ್ತದೆ, ಎರಡನೆಯದು ಕೀಲುಗಳನ್ನು ಸವೆಸುತ್ತದೆ, ಮೂರನೆಯದು ಪ್ಲೇಟನ್ನೂ ಬೇರಿಂಗನ್ನೂ ತಿನ್ನುತ್ತದೆ. ಕರಾವಳಿಯ ಕಾರುಗಳಲ್ಲಿ ತುಕ್ಕು ಮಾಡುವ ಕೆಲಸವನ್ನು ಈ ಒಣ ಸೀಮೆಯಲ್ಲಿ ದೂಳು ಮಾಡುತ್ತದೆ ಎಂದರೆ ತಪ್ಪಾಗದು.

ಪೆಡಲ್ ಮೇಲೇಳುವುದು ಹೇಗೆ

ಎಂಜಿನ್ನಿನ ಫ್ಲೈವೀಲಿಗೂ ಗೇರ್‌ಬಾಕ್ಸಿನ ಶಾಫ್ಟಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಪ್ರೆಷರ್ ಪ್ಲೇಟ್ ಅದನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ. ನೂರಾರು ಕಿಲೋ ತೂಕದ ಈ ಅದುಮನ್ನು ಕೊಡುವುದು ತಟ್ಟೆಯಾಕಾರದ, ಒಳಅಂಚಿನಲ್ಲಿ ಸೀಳುಗಳಿರುವ ಡಯಾಫ್ರಮ್ ಸ್ಪ್ರಿಂಗ್. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಆ ಸ್ಪ್ರಿಂಗಿನ ಬೆರಳುಗಳನ್ನು ಎಂಟು ಹತ್ತು ಮಿಲಿಮೀಟರಿನಷ್ಟು ತಳ್ಳುತ್ತದೆ. ಅದುಮು ಸಡಿಲಾಗಿ ಪ್ಲೇಟ್ ಬಿಡುಗಡೆಯಾಗುತ್ತದೆ. ಇಷ್ಟು ಚಿಕ್ಕ ಸರಿತಕ್ಕೆ ಕಾಲಿನ ಕಡೆ ಪೆಡಲ್ ಐದಾರು ಇಂಚು ಚಲಿಸುತ್ತದೆ. ಸನ್ನೆಗೋಲು ಮತ್ತು ಸಿಲಿಂಡರುಗಳ ಅಳತೆಯಿಂದ ಬಂದ ಅನುಪಾತ ಇದು. ಬೇರಿಂಗಿನ ಬಳಿ ಒಂದು ಮಿಲಿಮೀಟರ್ ಕಳೆದುಹೋದರೂ ಪೆಡಲಿನ ಬಳಿ ಅದು ಅರ್ಧ ಇಂಚಿಗೂ ಮಿಕ್ಕು ಕಾಣುವುದು ಈ ಕಾರಣಕ್ಕೆ.

ಪೆಡಲನ್ನು ಮೇಲಕ್ಕೆ ಎತ್ತುವುದು ಪೆಡಲಿನ ಸ್ಪ್ರಿಂಗೇ ಎಂದು ಬಹಳ ಮಂದಿ ನಂಬಿದ್ದಾರೆ. ಆ ಕೆಲಸದ ದೊಡ್ಡ ಪಾಲು ಗೇರ್‌ಬಾಕ್ಸಿನ ಬಳಿಯಿರುವ ಡಯಾಫ್ರಮ್ ಸ್ಪ್ರಿಂಗಿನದು. ಅದು ಹಿಂದಕ್ಕೆ ತಳ್ಳಿದ ಬಲವೇ ಬೇರಿಂಗ್, ಅದನ್ನು ಸರಿಸುವ ಫೋರ್ಕ್, ಕೇಬಲ್ ಅಥವಾ ಆಯಿಲಿನ ಮೂಲಕ ಬಂದು ಪೆಡಲನ್ನು ಎತ್ತುತ್ತದೆ. ಅದೂ ಅಲ್ಲದೆ ಈಚಿನ ಅನೇಕ ಕಾರುಗಳಲ್ಲಿ ಪೆಡಲಿನ ಬುಡದಲ್ಲಿರುವ ಸ್ಪ್ರಿಂಗ್ ಎರಡು ಕಡೆಗೂ ಕೆಲಸ ಮಾಡುತ್ತದೆ. ಪೆಡಲ್ ಮೇಲಿನ ಅರ್ಧದಲ್ಲಿರುವಾಗ ಮೇಲಕ್ಕೆ ಎಳೆಯುತ್ತದೆ. ನಡುಬಿಂದು ದಾಟಿದ ಮೇಲೆ ಚಾಲಕನ ಕಾಲಿಗೆ ನೆರವಾಗಿ ಕೆಳಕ್ಕೆ ಎಳೆಯುತ್ತದೆ. ಒತ್ತುವ ಶ್ರಮ ಕಡಿಮೆಯಾಗಲೆಂದು ಮಾಡಿದ ಏರ್ಪಾಡು ಅದು. ಕೆಳಗಿನಿಂದ ಬರುವ ತಳ್ಳು ಯಾವುದೇ ಕಾರಣಕ್ಕೆ ಕುಗ್ಗಿದರೆ ಅದೇ ಸ್ಪ್ರಿಂಗ್ ಪೆಡಲನ್ನು ನೆಲಕ್ಕೆ ಕಚ್ಚಿಸಿ ಹಿಡಿಯುತ್ತದೆ. ಕೂತ ಪೆಡಲನ್ನು ಕಾಲ್ಬೆರಳಿನಿಂದ ಮೆಲ್ಲನೆ ಎತ್ತಿದಾಗ ಅರ್ಧದವರೆಗೆ ಎಳೆದುಕೊಂಡು ಬಂದು, ಆ ಬಿಂದು ದಾಟಿದೊಡನೆ ತಾನಾಗಿ ಪಟ್ಟನೆ ಮೇಲಕ್ಕೆ ಹಾರಿದರೆ ಸ್ಪ್ರಿಂಗ್ ಸರಿಯಿದೆ, ಕೆಳಗಿನ ತಳ್ಳು ಬರುತ್ತಿಲ್ಲ ಎಂದರ್ಥ. ಉದ್ದಕ್ಕೂ ತಡೆಯುತ್ತ, ಕಿರ್ರೆನ್ನುತ್ತ ಬಂದರೆ ಎಲ್ಲೋ ಉಜ್ಜಾಟವಿದೆ. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಯಾರಾದರೂ ಮಾಡಬಹುದು.

ಕೇಬಲ್ ಮತ್ತು ಆಯಿಲ್

ಪೆಡಲಿನ ಚಲನೆಯನ್ನು ಫೋರ್ಕಿಗೆ ಮುಟ್ಟಿಸುವ ದಾರಿ ಎರಡು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಮಾರುತಿ 800, ಓಮ್ನಿ, ಆಲ್ಟೊ, ವ್ಯಾಗನ್ ಆರ್ ಮುಂತಾದ ಹಗುರ ಬಂಡಿಗಳಲ್ಲಿ ಕೇಬಲ್ ಇದೆ. ಬೊಲೆರೊ, ಸುಮೋ, ಇನ್ನೋವಾದಂಥ ಭಾರದ ಬಂಡಿಗಳಲ್ಲಿ ಆಯಿಲಿನ ಏರ್ಪಾಡಿದೆ: ಪೆಡಲಿನ ಬಳಿ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸಿನ ಬಳಿ ಸ್ಲೇವ್ ಸಿಲಿಂಡರ್, ನಡುವೆ ಲೋಹದ ಪೈಪು ಮತ್ತು ಒಂದು ತುಂಡು ರಬ್ಬರ್ ಹೋಸ್. ಈಚಿನ ಹಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಒಳಗೇ ಗೇರ್ ಶಾಫ್ಟನ್ನು ಸುತ್ತುವರಿದು ಕೂತಿರುತ್ತದೆ, ಫೋರ್ಕೇ ಇರುವುದಿಲ್ಲ. 2014ರಲ್ಲಿ ಸೆಲೆರಿಯೊದೊಂದಿಗೆ ಭಾರತಕ್ಕೆ ಬಂದ ಎಎಂಟಿ ಕಾರುಗಳಲ್ಲಿ ಪೆಡಲ್ ಇಲ್ಲದಿದ್ದರೂ ಒಳಗಿರುವ ಪ್ಲೇಟ್ ಅದೇ; ಒತ್ತುವುದು ಮಾತ್ರ ಕಾಲಿನ ಬದಲು ಯಂತ್ರ. ಅವುಗಳ ದೋಷಪತ್ತೆ ಬೇರೆಯೇ ವಿಷಯ.

ಕಾರು ಯಾವ ಬಗೆಯದೆಂದು ತಿಳಿಯದೆ ಮುಂದೆ ಹೋಗಬಾರದು. ಎರಡರಲ್ಲೂ ಪೆಡಲ್ ಕೂರುತ್ತದೆ, ಆದರೆ ಕಾರಣಗಳು ಬಹುಮಟ್ಟಿಗೆ ಬೇರೆ.

ಯಾವಾಗ ಕೂರುತ್ತದೆ

ಚಾಲಕ ಹೇಳುವ ದೂರಿನಲ್ಲಿ ಎರಡು ಭಿನ್ನ ದೋಷಗಳು ಬೆರೆತಿರುತ್ತವೆ. ಒಂದರಲ್ಲಿ ಪೆಡಲ್ ಮೇಲೆ ಬರುವುದಿಲ್ಲ. ಇನ್ನೊಂದರಲ್ಲಿ ಪೆಡಲ್ ಸರಿಯಾಗಿ ಹೋಗಿ ಬರುತ್ತದೆ, ಕ್ಲಚ್ ಬಿಡುವುದಿಲ್ಲ. ಗೇರ್ ಬೀಳುವಾಗ ಕರ್ರೆನ್ನುತ್ತದೆ, ರಿವರ್ಸ್ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಕಾರಿನ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಳ್ಳುವುದು ಎರಡನೆಯ ಬಗೆಗೆ ಸ್ಪಷ್ಟ ಉದಾಹರಣೆ. ಅಲ್ಲಿ ಪೆಡಲನ್ನೋ ಕೇಬಲನ್ನೋ ಬಿಚ್ಚಿ ನೋಡುವುದು ವ್ಯರ್ಥ. ದೂರು ಕೇಳುವ ಮೆಕಾನಿಕ್ ಮೊದಲು ಇದನ್ನು ಬೇರ್ಪಡಿಸಿಕೊಳ್ಳಬೇಕು.

ಆಮೇಲೆ ಸ್ಥಿತಿ. ತಣ್ಣಗಿರುವಾಗ ಮೊದಲ ಒತ್ತಿಗೇ ಕೂತು, ನಾಲ್ಕಾರು ಬಾರಿ ಒತ್ತಿದ ಮೇಲೆ ಸರಿಹೋಗುತ್ತದೆಯೆ? ರಾತ್ರಿಯೆಲ್ಲ ಎಲ್ಲಿಂದಲೋ ಆಯಿಲ್ ಸೋರಿದೆ, ಇಲ್ಲವೇ ಗಾಳಿ ಸೇರಿದೆ. ಕಾದಾಗ ಮಾತ್ರ ಕೂತು, ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ತಾನಾಗಿ ಸರಿಹೋಗುತ್ತದೆಯೆ? ಆಯಿಲ್ ಕುದಿಯುತ್ತಿದೆ, ಅಥವಾ ಕಾದ ಸೈಲೆನ್ಸರ್ ಪೈಪಿಗೆ ಕೇಬಲ್ ತಗುಲುತ್ತಿದೆ. ಮೆಲ್ಲಗೆ ಒತ್ತಿದರೆ ಕೂತು, ಜೋರಾಗಿ ಒತ್ತಿದರೆ ಕೆಲಸ ಮಾಡುತ್ತದೆಯೆ? ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದಿದೆ. ಜೋರಾಗಿ ಒತ್ತಿದಾಗ ಕಪ್ಪಿನ ಅಂಚು ಅರಳಿ ಗೋಡೆಗೆ ಕೂರುತ್ತದೆ, ಮೆಲ್ಲಗೆ ಒತ್ತಿದಾಗ ಆಯಿಲ್ ಅದರ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗುತ್ತದೆ. ಎಂಜಿನ್ನನ್ನು ತುಂಬ ಏರಿಸಿ ಗೇರ್ ಬದಲಿಸುವಾಗ ಮಾತ್ರ ಪೆಡಲ್ ಕೆಳಗುಳಿಯುತ್ತದೆಯೆ? ಪ್ರೆಷರ್ ಪ್ಲೇಟಿನ ಸ್ಪ್ರಿಂಗನ್ನು ಸಂಶಯಿಸಬೇಕು. ಏರಿನಲ್ಲಿ ಹೊರಡುವಾಗ, ಕಾರು ಅದುರುವಾಗ ಮಾತ್ರವೆ? ಎಂಜಿನ್ ಮೌಂಟಿಂಗ್ ಒಡೆದು ಎಂಜಿನ್ ಓಲಾಡುತ್ತ ಕೇಬಲನ್ನು ಎಳೆದಾಡುತ್ತಿರಬಹುದು.

ಇವನ್ನು ಚಾಲಕ ಒಂದು ಚೀಟಿಯಲ್ಲಿ ಬರೆದಿಟ್ಟರೆ ಗ್ಯಾರೇಜಿನಲ್ಲಿ ಅರ್ಧ ದಿನ ಉಳಿಯುತ್ತದೆ. ಎಷ್ಟು ಹೊತ್ತು ಓಡಿತ್ತು, ಬಿಸಿಲು ಹೇಗಿತ್ತು, ಎಷ್ಟನೇ ಗೇರು, ಮೇಲೆ ಹೇಗೆ ಬಂತು, ಇಷ್ಟು ಸಾಕು. ದೋಷ ಕಾಣದ ಹೊತ್ತಿನಲ್ಲಿ ಕಾರು ನೋಡುವ ಮೆಕಾನಿಕ್ಕಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ಹಾದಿಯ ನಡುವೆ ನಿಂತು ನೋಡುವುದು

ಆಯಿಲ್ ಕ್ಲಚ್ಚಿನಲ್ಲಿ, ಹೊರಗೆ ಕಾಣುವ ಸ್ಲೇವ್ ಸಿಲಿಂಡರ್ ಇರುವ ಕಾರುಗಳಲ್ಲಿ, ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆ ಇದು. ಇದಕ್ಕೆ ಇಬ್ಬರು ಬೇಕು. ಎಂಜಿನ್ ನಿಲ್ಲಿಸಿ, ಗೇರ್ ನ್ಯೂಟ್ರಲಿಗೆ ತಂದು, ಚಕ್ರಕ್ಕೆ ಕಲ್ಲಿಟ್ಟು ಒಬ್ಬ ಪೆಡಲ್ ಒತ್ತಬೇಕು. ಇನ್ನೊಬ್ಬ ಗೇರ್‌ಬಾಕ್ಸಿನ ಪಕ್ಕದಲ್ಲಿ ಸ್ಲೇವ್ ಸಿಲಿಂಡರಿನಿಂದ ಹೊರಬರುವ ಬೆರಳುದ್ದದ ಕಡ್ಡಿಯನ್ನು ಟಾರ್ಚ್ ಹಿಡಿದು ನೋಡಬೇಕು. ಒತ್ತಿದಾಗ ಕಡ್ಡಿ ನಯವಾಗಿ ಹೊರಬಂದು ಫೋರ್ಕನ್ನು ತಳ್ಳಬೇಕು, ಬಿಟ್ಟಾಗ ಅಷ್ಟೇ ಚುರುಕಾಗಿ ಒಳಕ್ಕೆ ಹೋಗಬೇಕು. ದೋಷ ಬರುವವರೆಗೆ ಒತ್ತುತ್ತಲೇ ಇರಬೇಕು. ಬೇಕಿದ್ದರೆ ಮೊದಲು ಕಾರನ್ನು ಓಡಿಸಿ ಕಾಯಿಸಿಕೊಂಡು ಬರಬೇಕು.

ಪೆಡಲ್ ಕೂತ ಗಳಿಗೆಯಲ್ಲಿ ಆ ಕಡ್ಡಿ ಎಲ್ಲಿದೆ ಎಂಬುದರ ಮೇಲೆ ತೀರ್ಮಾನ ನಿಂತಿದೆ. ಪೆಡಲ್ ಕೆಳಗಿದ್ದು ಕಡ್ಡಿ ಒಳಗೆ ಹೋಗಿದ್ದರೆ ಕ್ಲಚ್ ತನ್ನ ಕೆಲಸ ಮುಗಿಸಿ ಹಿಂದಿರುಗಿದೆ. ದೋಷವಿರುವುದು ಮೇಲ್ಭಾಗದಲ್ಲಿ: ಪೆಡಲಿನ ಕೀಲು, ಸ್ಪ್ರಿಂಗ್, ಮಾಸ್ಟರ್ ಸಿಲಿಂಡರ್, ಇಲ್ಲವೇ ಪೈಪಿನಲ್ಲಿ ಸೇರಿದ ಗಾಳಿ. ಪೆಡಲ್ ಕೆಳಗಿದ್ದು ಕಡ್ಡಿಯೂ ಹೊರಗೇ ಉಳಿದಿದ್ದರೆ ತಡೆ ಕೆಳಭಾಗದಲ್ಲಿದೆ: ಸ್ಲೇವ್ ಸಿಲಿಂಡರಿನ ಪಿಸ್ಟನ್ ಕಚ್ಚಿದೆ, ಫೋರ್ಕಿನ ಕೀಲು ಒಣಗಿದೆ, ರಿಲೀಸ್ ಬೇರಿಂಗ್ ಕೂರುವ ಕೊಳವೆ ಸವೆದಿದೆ, ಅಥವಾ ಡಯಾಫ್ರಮ್ ಬೆರಳುಗಳು ಸೋತಿವೆ. ಮೂರನೆಯ ಸಾಧ್ಯತೆಯೂ ಒಂದಿದೆ. ಪೆಡಲ್ ಮೇಲೆ ಬಂದಿದ್ದೂ ಕಡ್ಡಿ ಹೊರಗೇ ನಿಂತು ನಿಧಾನವಾಗಿ ಒಳಸರಿದರೆ ನಡುವಿನ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿದೆ. ಒತ್ತುವಾಗ ಆಯಿಲ್ ಹೋಗಲು ದಾರಿ ಕೊಟ್ಟು ವಾಪಸು ಬರುವಾಗ ತಡೆಯುತ್ತದೆ. ಆಗ ಸ್ಲೇವ್ ಸಿಲಿಂಡರಿನಲ್ಲಿ ಗಾಳಿ ತೆಗೆಯಲೆಂದಿರುವ ಬ್ಲೀಡರ್ ನಿಪ್ಪಲನ್ನು ಒಂದು ಎಳೆಯಷ್ಟು ಸಡಿಲಿಸಿದರೆ ಆಯಿಲ್ ಚಿಮ್ಮಿ ಕಡ್ಡಿ ಥಟ್ಟನೆ ಒಳಹೋಗುತ್ತದೆ. ಹೊರಗಿನಿಂದ ನೋಡಿದರೆ ಹೋಸ್ ಹೊಸದರಂತೆಯೇ ಇರುತ್ತದೆ, ಆದ್ದರಿಂದಲೇ ಇದು ಬಹಳ ಸಲ ಕಣ್ಣು ತಪ್ಪುತ್ತದೆ.

ಒಳಗೇ ಸ್ಲೇವ್ ಇರುವ ಕಾರುಗಳಲ್ಲಿ ಕಡ್ಡಿ ಕಾಣುವುದಿಲ್ಲ. ಅಲ್ಲಿ ಮೇಲ್ಭಾಗವನ್ನು ಒಂದೊಂದಾಗಿ ನಿರ್ದೋಷಿಯೆಂದು ಖಚಿತಪಡಿಸಿಕೊಳ್ಳುತ್ತ ಬರಬೇಕು. ಬೆಲ್ ಹೌಸಿಂಗಿನ ತಳದಲ್ಲಿ ಆಯಿಲಿನ ಹನಿ ಕಂಡರೆ ಮೂಸಿ ನೋಡಿ ಎಂಜಿನ್ ಆಯಿಲೋ ಬ್ರೇಕ್ ಆಯಿಲೋ ತಿಳಿಯಬಹುದು. ಬ್ರೇಕ್ ಆಯಿಲ್ ತೆಳು, ನೀರಿನಲ್ಲಿ ಬೆರೆಯುತ್ತದೆ; ಎಂಜಿನ್ ಆಯಿಲ್ ಬೆರೆಯುವುದಿಲ್ಲ. ಗೇರ್‌ಬಾಕ್ಸ್ ಇಳಿಸುವ ಕೆಲಸ ದುಬಾರಿಯಾದ್ದರಿಂದ ಈ ಎಚ್ಚರ ಅಗತ್ಯ.

ಮೇಲ್ಭಾಗದ ದೋಷಗಳು

ಮೊದಲು ನೋಡಬೇಕಾದ್ದು ಮ್ಯಾಟ್. ಕಂಪನಿಯ ಮ್ಯಾಟಿನ ಮೇಲೆ ಇನ್ನೊಂದು ರಬ್ಬರ್ ಮ್ಯಾಟ್, ಅದರ ಮೇಲೆ ಹೊಲದ ಮಣ್ಣು ಬೀಳದಿರಲೆಂದು ಹಾಕಿದ ಗೋಣಿಚೀಲ ಸೇರಿ ಪೆಡಲಿನ ತುದಿಯನ್ನು ಹಿಡಿಯುವುದುಂಟು. ಕುಡಿಯುವ ನೀರಿನ ಬಾಟಲಿ ಉರುಳಿಬಂದು ಪೆಡಲಿನ ಅಡಿಗೆ ಸೇರುವುದೂ ಉಂಟು. ಇದು ಅಪಾಯದ ಸಂಗತಿ, ಏಕೆಂದರೆ ಪಕ್ಕದಲ್ಲೇ ಬ್ರೇಕ್ ಇದೆ.

ಪೆಡಲ್ ಜೋತುಬಿದ್ದಿರುವ ಬೋಲ್ಟಿನ ಸುತ್ತ ನೈಲಾನ್ ಅಥವಾ ಲೋಹದ ಬುಷ್ ಇರುತ್ತದೆ. ದೂಳು ಗ್ರೀಸಿನೊಡನೆ ಬೆರೆತು ಅರೆಯುವ ಹಿಟ್ಟಿನಂತಾದರೆ ಬುಷ್ ಮೊಟ್ಟೆಯಾಕಾರಕ್ಕೆ ಸವೆದು ಪೆಡಲ್ ಓರೆಯಾಗಿ ಕಚ್ಚುತ್ತದೆ. ಕೈಯಿಂದ ಎಡಬಲಕ್ಕೆ ಅಲುಗಾಡಿಸಿ ನೋಡಿದರೆ ತಿಳಿಯುತ್ತದೆ. ಪೆಡಲಿನ ಬ್ರಾಕೆಟ್ ಕೂರುವ ತಗಡಿನಲ್ಲಿ ಬಿರುಕು ಬಿಟ್ಟ ಹಳೆಯ ಕಾರುಗಳಲ್ಲಿ ಒತ್ತಿದಾಗ ತಗಡೇ ಹಿಂದಕ್ಕೆ ಬಾಗುತ್ತದೆ. ಒಬ್ಬ ಒತ್ತುವಾಗ ಇನ್ನೊಬ್ಬ ಬಾನೆಟ್ಟಿನ ಕಡೆಯಿಂದ ನೋಡಬೇಕು.

ಈ ಸೀಮೆಯ ಕೇಬಲ್ ಕಾರುಗಳ ದೋಷದ ಬಗ್ಗೆ ಎಷ್ಟು ಬರೆದರೂ ಕಡಿಮೆ. ಇನ್ನರ್ ವೈರ್ ಎಂಬುದು ಹಲವು ಸಣ್ಣ ಉಕ್ಕಿನ ಎಳೆಗಳ ಹುರಿ. ಸೈಕಲ್ ಬ್ರೇಕಿನ ವೈರಿನಂತೆ ಅದೂ ತುದಿಯಲ್ಲಿ, ಪದೇ ಪದೇ ಬಾಗುವ ಕಡೆ ಒಂದೊಂದೇ ಎಳೆ ಹರಿಯುತ್ತ ಬರುತ್ತದೆ. ಹರಿದ ಎಳೆ ಮುಳ್ಳಿನಂತೆ ಹೊರಗೆ ಚಾಚಿ ಹೊರಕವಚವಾದ ಔಟರಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಒಳಗೆ ಮಡಚಿಕೊಂಡು ಜಾರುತ್ತದೆ, ಇನ್ನೊಮ್ಮೆ ನೆಟ್ಟಗೆ ನಿಂತು ತಡೆಯುತ್ತದೆ. ಬಿಟ್ಟು ಬಿಟ್ಟು ಬರುವ ದೋಷಕ್ಕೆ ಇದಕ್ಕಿಂತ ನೇರ ಕಾರಣ ಸಿಗದು. ಕೇಬಲನ್ನು ಎರಡೂ ತುದಿಯಲ್ಲಿ ಕಳಚಿ, ಇನ್ನರನ್ನು ಬರಿಗೈಯಲ್ಲಿ ಎಳೆದಾಡಿದರೆ ಮುಳ್ಳು ಹಿಡಿಯುವ ಜಾಗ ಬೆರಳಿಗೇ ಗೊತ್ತಾಗುತ್ತದೆ. ಒಂದು ಎಳೆ ಹರಿದಿದ್ದರೂ ಕೇಬಲ್ ಬದಲಿಸಬೇಕು. ಕತ್ತರಿಸಿ, ಸುತ್ತಿ, ಬೆಸುಗೆ ಹಾಕಿ ಓಡಿಸಿದ ಕೇಬಲ್ ಊರಿನಿಂದ ದೂರದಲ್ಲೇ ಹರಿಯುತ್ತದೆ.

ಒಣಗಿದ ಕೇಬಲ್ಲಿಗೆ ಎಣ್ಣೆ ಬಿಡುವ ರೂಢಿ ಹಳೆಯದು. ಔಟರಿನ ಒಳಗೆ ಪ್ಲಾಸ್ಟಿಕ್ ಒಳಪದರವಿರುವ ಇಂದಿನ ಕೇಬಲ್‌ಗಳಿಗೆ ಅದು ಒಳ್ಳೆಯದಲ್ಲ. ನಾಲ್ಕು ದಿನ ಹಗುರವಾಗುತ್ತದೆ, ಆಮೇಲೆ ಎಣ್ಣೆಗೆ ದೂಳು ಅಂಟಿ ಮೊದಲಿಗಿಂತ ಬಿಗಿಯಾಗುತ್ತದೆ. ಶಿರಾ, ಪಾವಗಡದಂಥ ದೂಳಿನ ನಾಡಿನಲ್ಲಿ ಈ ರೂಢಿ ಬಿಡುವುದೇ ಮೇಲು. ಎಂಜಿನ್ ಕೆಲಸ ಮಾಡಿಸಿದ ನಂತರ ದೋಷ ಶುರುವಾಗಿದ್ದರೆ ಕೇಬಲನ್ನು ಹಳೆಯ ಕ್ಲಿಪ್ಪುಗಳಿಗೆ ಹಾಕಿದ್ದಾರೆಯೆ, ಸೈಲೆನ್ಸರ್ ಪೈಪಿಗೆ ತಾಗುತ್ತಿದೆಯೆ, ಎಲ್ಲಾದರೂ ಚೂಪಾಗಿ ಮಡಚಿದೆಯೆ ನೋಡಬೇಕು.

ವಿಚಿತ್ರವೆನಿಸಿದರೂ ನಿಜವಾದ ಇನ್ನೊಂದು ಕಾರಣ ಬ್ಯಾಟರಿಯ ಅರ್ಥ್. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ತುಕ್ಕು ಹಿಡಿದು ಸಡಿಲವಾದರೆ ಸ್ಟಾರ್ಟರ್ ಎಳೆಯುವ ಭಾರಿ ವಿದ್ಯುತ್ತು ವಾಪಸು ಹೋಗಲು ಬೇರೆ ಲೋಹದ ದಾರಿ ಹುಡುಕುತ್ತದೆ, ಮತ್ತು ಕ್ಲಚ್ ಕೇಬಲ್ ಅಂಥ ಒಂದು ದಾರಿ. ವೈರ್ ಕಾದು ಒಳಪದರ ಕರಗಿ ಇನ್ನರಿಗೆ ಅಂಟುತ್ತದೆ. ಹೊಸ ಕೇಬಲ್ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಬಿಗಿಯಾದರೆ ಇದನ್ನು ನೆನೆಯಬೇಕು. ಸ್ಟಾರ್ಟ್ ಮಾಡುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರ್ ಹಿಡಿದು, ಅರ್ಧ ವೋಲ್ಟ್ ದಾಟಿದರೆ ಅರ್ಥ್ ಪಟ್ಟಿಯನ್ನು ಉಜ್ಜಿ ಬಿಗಿಮಾಡಬೇಕು ಅಥವಾ ಬದಲಿಸಬೇಕು.

ಆಯಿಲ್ ಕಾರುಗಳಲ್ಲಿ ಮೇಲ್ಭಾಗದ ಮುಖ್ಯ ಅಪರಾಧಿ ಮಾಸ್ಟರ್ ಸಿಲಿಂಡರ್. ಕಪ್ ಸೋತಾಗ ಆಯಿಲ್ ಪೆಡಲಿನ ಕಡೆಗೂ ಸೋರುತ್ತದೆ. ಪೆಡಲಿನ ಮೇಲ್ಗಡೆ ಕೈ ಹಾಕಿ ಮಾಸ್ಟರಿನ ಕಡ್ಡಿ ಸೇರುವ ಜಾಗ ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ಕಾರ್ಪೆಟ್ ಒದ್ದೆಯಾಗಿ, ಆ ಜಾಗದ ಬಣ್ಣ ಸುಲಿದಿರುತ್ತದೆ. ಮಾಸ್ಟರಿಗೆ ಆಯಿಲ್ ಕೊಡುವ ಡಬ್ಬಿಯಲ್ಲಿರುವ ಆಯಿಲ್ ಕಪ್ಪಾಗಿದ್ದರೆ ರಬ್ಬರ್ ಸವೆಯುತ್ತಿದೆ. ಒಂದು ಸಿ.ಸಿ. ಗಾಳಿ ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮಾಸ್ಟರಿನ ಒಳವ್ಯಾಸ 15.87 ಮಿ.ಮೀ. (ಮುಕ್ಕಾಲಿಂಚಿಗೆ ಕಮ್ಮಿ, ಬಹಳ ಕಾರುಗಳಲ್ಲಿ ಇರುವ ಅಳತೆ) ಎಂದಾದರೆ ಅದರ ಅಡ್ಡಸೀಳು ಸುಮಾರು 198 ಚದರ ಮಿ.ಮೀ. ಗಾಳಿ ಒತ್ತಡಕ್ಕೆ ಹೆಚ್ಚುಕಡಿಮೆ ಪೂರ್ತಿ ಕುಗ್ಗುವುದರಿಂದ ಪಿಸ್ಟನ್ನಿನ 5 ಮಿ.ಮೀ. ಚಲನೆ ಅದಕ್ಕೇ ಹೋಗುತ್ತದೆ. ಪೆಡಲಿನ ಅನುಪಾತ ಆರೆಂದು ಹಿಡಿದರೆ ಕಾಲಿನ ಬಳಿ 30 ಮಿ.ಮೀ. ನಷ್ಟ. ಮೂವತ್ತು ಮಿಲಿಮೀಟರ್ ಖಾಲಿ ಒತ್ತಿದ ಮೇಲೆ ಉಳಿದ ಪೆಡಲ್ ಕ್ಲಚ್ ಬಿಡಿಸಲು ಸಾಲುವುದಿಲ್ಲ, ಮೇಲೆತ್ತುವ ತಳ್ಳೂ ಸಾಲುವುದಿಲ್ಲ.

ಕಾದ ಆಯಿಲ್

ಶಿರಾದ ಹೆದ್ದಾರಿ ಚಾಲಕರಿಗೆ ಇದು ಮುಖ್ಯವಾದ ಭಾಗ. ಕ್ಲಚ್ಚಿಗೂ ಬ್ರೇಕಿಗೂ ಹಾಕುವ ಗ್ಲೈಕಾಲ್ ಜಾತಿಯ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 3 ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯದಂತಿರಬೇಕು, 3.7 ಶೇಕಡ ನೀರು ಸೇರಿದಾಗ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಹಲವು ಬಂಡಿಗಳಲ್ಲಿ ಕ್ಲಚ್ಚಿನ ಪೈಪು ಇಲ್ಲವೇ ಸ್ಲೇವ್ ಸಿಲಿಂಡರ್ ಸೈಲೆನ್ಸರ್ ಪೈಪಿನ ಹತ್ತಿರವೇ ಹಾದುಹೋಗುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಗಾಳಿ ತಣಿಸುತ್ತಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಟೋಲಿನ ಸಾಲಿನಲ್ಲಿ ನಿಂತೊಡನೆ ಗಾಳಿ ನಿಲ್ಲುತ್ತದೆ, ಶಾಖ ಏರುತ್ತದೆ, ಹಳೆಯ ಆಯಿಲ್ ಅಲ್ಲಲ್ಲಿ ಆವಿಯ ಗುಳ್ಳೆಯಾಗುತ್ತದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿದು ಕೂರುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಗ್ಯಾರೇಜಿನಲ್ಲಿ ಏನೂ ಸಿಗುವುದಿಲ್ಲ.

ಆಯಿಲ್ ಪೂರ್ತಿ ಬದಲಿಸಿ ಗಾಳಿ ತೆಗೆದರೆ ಈ ದೋಷ ಸಾಮಾನ್ಯವಾಗಿ ನಿಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಬಹುತೇಕ ಕಂಪನಿಗಳು ಹೇಳುತ್ತವೆ. ಬ್ರೇಕಿಗೆ ಮಾಡಿಸಿ ಕ್ಲಚ್ಚನ್ನು ಮರೆಯುವುದೇ ವಾಡಿಕೆಯಾಗಿದೆ. ಮುಚ್ಚಳ ತೆರೆದು ವರ್ಷಗಟ್ಟಲೆ ಅಂಗಡಿಯ ಮೂಲೆಯಲ್ಲಿದ್ದ ಡಬ್ಬಿಯ ಆಯಿಲ್ ಹಾಕಬಾರದು. ರಸ್ತೆಯಲ್ಲಿ ಸಿಕ್ಕಿದ್ದನ್ನು ಸುರಿಯುವುದು ಇನ್ನೂ ಕೆಟ್ಟದ್ದು. ಎಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ಒಂದಿಷ್ಟು ಬಿದ್ದರೂ ಕಪ್ಪುಗಳ ರಬ್ಬರ್ ಊದಿಕೊಂಡು ಸಿಲಿಂಡರಿಗೆ ಕಚ್ಚುತ್ತದೆ, ಆಗ ಇಡೀ ವ್ಯವಸ್ಥೆಯ ರಬ್ಬರನ್ನೆಲ್ಲ ಬದಲಿಸಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಂಥ ಕಾರಿನಲ್ಲಿ ಕ್ಲಚ್ ಸೋರಿದರೆ ಬ್ರೇಕಿನ ಆಯಿಲೂ ಇಳಿಯುತ್ತದೆ, ಆದ್ದರಿಂದ ಕ್ಲಚ್ಚಿನ ದೂರನ್ನು ಬ್ರೇಕಿನ ದೂರಿನಷ್ಟೇ ತುರ್ತಾಗಿ ತೆಗೆದುಕೊಳ್ಳಬೇಕು.

ಕೆಳಭಾಗದ ದೋಷಗಳು

ಸ್ಲೇವ್ ಸಿಲಿಂಡರಿನ ಬಾಯಿಗೆ ರಬ್ಬರ್ ಬೂಟ್ ಇರುತ್ತದೆ. ಅದು ಹರಿದರೆ, ಶೇಂಗಾ ಗೋದಾಮಿನ ಪಕ್ಕ ನಿಲ್ಲಿಸಿದ ಬಂಡಿಗಳಲ್ಲಿ ಇಲಿ ಕಡಿದರೂ ಸರಿ, ದೂಳು ನೇರವಾಗಿ ಪಿಸ್ಟನ್ನಿಗೆ ಹೋಗುತ್ತದೆ. ಸಿಲಿಂಡರಿನ ಗೋಡೆಯಲ್ಲಿ ಗೀರು ಬಿದ್ದ ಮೇಲೆ ಕಪ್ ಮಾತ್ರ ಬದಲಿಸುವ ಕಿಟ್ ಹಾಕಿದರೆ ಕೆಲವು ವಾರವಷ್ಟೆ ಬರುತ್ತದೆ; ಪೂರಾ ಸಿಲಿಂಡರ್ ಬದಲಿಸುವುದು ಅಂತಿಮವಾಗಿ ಅಗ್ಗ. ಬೂಟನ್ನು ಹಿಂದಕ್ಕೆ ಸರಿಸಿದಾಗ ಆಯಿಲ್ ತೊಟ್ಟಿಕ್ಕಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಫೋರ್ಕ್ ಹೊರಬರುವ ಕಿಂಡಿಯ ಬೂಟ್ ಹರಿದಿದ್ದರೆ ಕೆಂಪು ಮಣ್ಣು ಬೆಲ್ ಹೌಸಿಂಗಿನ ಒಳಗೂ ಸೇರುತ್ತದೆ. ಫೋರ್ಕಿನ ಕೀಲು ಮತ್ತು ಬೇರಿಂಗ್ ಜಾರುವ ಕೊಳವೆ ಒಣಗಿ ಬೇರಿಂಗ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಒತ್ತಿದಾಗ ಮಾತ್ರ ಗುಂಯ್ಗುಡುವ ಸದ್ದು, ಪೆಡಲಿನಲ್ಲಿ ತುರಿಯುವ ಅನುಭವ ಇದರ ಗುರುತು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಕಾರಿನಲ್ಲಿ ಇದು ಬೇಗ ಬರುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಬೇಕು. ಧಾರಾಳವಾಗಿ ಹಚ್ಚಿದರೆ ತಿರುಗುವಾಗ ಸಿಡಿದು ಪ್ಲೇಟಿನ ಲೈನಿಂಗಿಗೆ ಬಿದ್ದು ಕ್ಲಚ್ ಜಾರತೊಡಗುತ್ತದೆ. ಪ್ಲೇಟ್ ಸವೆದಂತೆ ಡಯಾಫ್ರಮ್ ಬೆರಳುಗಳ ಕೋನ ಬದಲಾಗಿ ಪೆಡಲ್ ಭಾರವಾಗುತ್ತದೆ, ಆ ಭಾರವೇ ಕೇಬಲನ್ನೂ ಮಾಸ್ಟರನ್ನೂ ತಿನ್ನುತ್ತದೆ. ಎರಡು ಬಾರಿ ಕೇಬಲ್ ಹರಿದ ಕಾರಿನಲ್ಲಿ ಮೂರನೆಯ ಕೇಬಲ್ ತರುವ ಮೊದಲು ಪ್ಲೇಟನ್ನು ನೋಡಬೇಕೆನ್ನುವುದು ಇದಕ್ಕೆ. ಒಳಗಿನ ಸ್ಲೇವ್ ಇರುವ ಕಾರಿನಲ್ಲಿ ಪ್ಲೇಟಿಗಾಗಿ ಗೇರ್‌ಬಾಕ್ಸ್ ಇಳಿಸಿದಾಗ ಸ್ಲೇವನ್ನೂ ಜೊತೆಗೇ ಹೊಸದು ಹಾಕುವುದು ಜಾಣತನ. ಅದೊಂದಕ್ಕಾಗಿ ಮತ್ತೆ ಇಳಿಸುವ ಕೂಲಿ ಭಾಗದ ಬೆಲೆಯನ್ನು ಮೀರಬಹುದು.

ದಾರಿಯಲ್ಲಿ ಕೂತರೆ

ಪೆಡಲ್ ಕೆಳಗೇ ಉಳಿದು ಕ್ಲಚ್ಚೂ ಬಿಟ್ಟೇ ಇದ್ದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದಂತೆ. ಇಳಿಜಾರಿನಲ್ಲಿ ಗೇರಿನ ತಡೆ ಸಿಗುವುದಿಲ್ಲ, ಬ್ರೇಕನ್ನೇ ನಂಬಬೇಕು. ದೇವರಾಯನದುರ್ಗದಿಂದ ಇಳಿಯುವವರು ಇದನ್ನು ತಿಳಿದಿರಬೇಕು. ಪೆಡಲ್ ಮೇಲೆ ಬಂದು ಕ್ಲಚ್ ಬಿಡದಿದ್ದರೆ ಸ್ಥಿತಿ ತಿರುವುಮುರುವು: ಬ್ರೇಕ್ ಒತ್ತಿದರೂ ಎಂಜಿನ್ ತಳ್ಳುತ್ತಲೇ ಇರುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟು, ಹಗುರವಾದ ಗಳಿಗೆಯಲ್ಲಿ ಗೇರನ್ನು ನ್ಯೂಟ್ರಲಿಗೆ ಎಳೆದುಕೊಳ್ಳಬೇಕು. ಅದೂ ಆಗದಿದ್ದರೆ ಬ್ರೇಕ್ ಹಿಡಿದು ಎಂಜಿನ್ ಆರಲು ಬಿಡಬೇಕು. ಎರಡೂ ಸಂದರ್ಭದಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ತೆಗೆದುಕೊಳ್ಳುವುದು ಮೊದಲ ಕೆಲಸ. ಓಡುವ ಕಾರಿನಲ್ಲಿ ತಲೆ ಬಗ್ಗಿಸಿ ಕೈಯಿಂದ ಪೆಡಲ್ ಎತ್ತಲು ಹೋಗುವುದು ಜೀವಕ್ಕೆ ಅಪಾಯ. ಬೂಟಿನ ತುದಿಯಿಂದ ಎತ್ತಬಹುದು, ಅಷ್ಟೆ. ಪದೇ ಪದೇ ಒತ್ತಿ ಎಬ್ಬಿಸಿಕೊಂಡು ಊರು ಸೇರಬಹುದು, ಆದರೆ ಹಾಗೆ ಎದ್ದ ಪೆಡಲ್ ಸರಿಹೋದ ಪೆಡಲ್ ಅಲ್ಲ. ಸೋರುವ ಕಪ್ ಅಂದೇ ಅಥವಾ ಮರುದಿನವೇ ಪೂರ್ತಿ ಕೈಕೊಡಬಹುದು.

ಗಾಳಿ ತೆಗೆಯುವುದು ಮತ್ತು ಮರುಪರೀಕ್ಷೆ

ಡಬ್ಬಿ ತುಂಬಿಸಿ, ಸ್ಲೇವಿನ ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬ ಪೆಡಲನ್ನು ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಮಾಡುತ್ತಾನೆ, ಆಮೇಲಷ್ಟೇ ಪೆಡಲ್ ಬಿಡಬೇಕು. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ. ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಇದನ್ನು ಮುಂದುವರಿಸಬೇಕು. ನಡುವೆ ಡಬ್ಬಿ ಬರಿದಾಗಲು ಬಿಡಬಾರದು. ಆಯಿಲ್ ಬಣ್ಣ ತಿನ್ನುತ್ತದೆ, ಬಿದ್ದ ಕಡೆ ಕೂಡಲೇ ನೀರು ಹಾಕಿ ತೊಳೆಯಬೇಕು. ಕೇಬಲ್ ಕಾರಿನಲ್ಲಿ ಹೊಸ ಕೇಬಲ್ ಹಾಕಿದ ಮೇಲೆ ಪೆಡಲಿನ ಖಾಲಿ ಆಟವನ್ನು ಆ ಮಾಡೆಲ್ಲಿನ ಪುಸ್ತಕದಲ್ಲಿರುವ ಅಳತೆಗೆ ಹೊಂದಿಸಬೇಕು. ಆಟವೇ ಇಲ್ಲದಂತೆ ಬಿಗಿಮಾಡಿದರೆ ಬೇರಿಂಗ್ ಸದಾ ತಿರುಗುತ್ತ ಸವೆಯುತ್ತದೆ, ಕ್ಲಚ್ ಜಾರುತ್ತದೆ. ಮಾಸ್ಟರಿನ ಕಡ್ಡಿಗೂ ಹೀಗೆಯೇ ಸ್ವಲ್ಪ ಆಟ ಬೇಕು. ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ ಡಬ್ಬಿಗೆ ಹೋಗುವ ಚಿಕ್ಕ ರಂಧ್ರ ಮುಚ್ಚಿಯೇ ಇರುತ್ತದೆ. ಕಾದ ಆಯಿಲ್ ಹಿಗ್ಗಿ ಪೆಡಲ್ ಕಲ್ಲಿನಂತಾಗುತ್ತದೆ.

ಬಿಟ್ಟು ಬಿಟ್ಟು ಬರುವ ದೋಷಕ್ಕೆ ರಿಪೇರಿಯಾಯಿತೆಂದು ಗ್ಯಾರೇಜಿನ ಅಂಗಳದಲ್ಲಿ ತೀರ್ಮಾನಿಸಲಾಗದು. ಚೀಟಿಯಲ್ಲಿ ಬರೆದಿಟ್ಟ ಸ್ಥಿತಿಯನ್ನೇ ಮತ್ತೆ ಸೃಷ್ಟಿಸಬೇಕು: ಮಧ್ಯಾಹ್ನದಲ್ಲಿ ಕೂರುತ್ತಿದ್ದರೆ ಮಧ್ಯಾಹ್ನ, ಹೆದ್ದಾರಿಯಲ್ಲಿ ಅಷ್ಟೇ ದೂರ ಓಡಿಸಿ, ಸಾಲಿನಲ್ಲಿ ನಿಂತು, ಮೆಲ್ಲಗೂ ಜೋರಾಗಿಯೂ ಒತ್ತಿ ನೋಡಬೇಕು. ಡಬ್ಬಿಯ ಮೇಲೆ ಆಯಿಲಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟು ಒಂದು ವಾರದ ನಂತರ ನೋಡಿದಾಗ ಆಯಿಲ್ ಗೆರೆಯಿಂದ ಕೆಳಗಿಳಿದಿದ್ದರೆ ಸೋರುವ ಜಾಗವೊಂದು ಇನ್ನೂ ಉಳಿದಿದೆ.